ಹಳೆಯ ಮೋಟಾರಿನ ಮೈ ರಿಪೇರಿ: ನಮ್ಮ ಕೈಯಿಂದ ಎಷ್ಟು, ಮಿಸ್ತ್ರಿಯಿಂದ ಎಷ್ಟು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಈಚೆಗೆ ಹಳೆಯ ಮೋಟಾರು ಕಾರು ಕೊಂಡವರು ಹಲವರಿದ್ದಾರೆ. ಹೆಚ್ಚಿನವರದು ಮಾರುತಿ 800, ಒಬ್ಬಿಬ್ಬರದು ಅಂಬಾಸಡರ್, ಒಬ್ಬರ ಮನೆಯ ಮುಂದೆ ಪ್ರೀಮಿಯರ್ ಪದ್ಮಿನಿಯೂ ಉಂಟು. ಈ ಮೂರೂ ಗಾಡಿಗಳು ಈಗ ತಯಾರಾಗುವುದಿಲ್ಲ. ಪದ್ಮಿನಿ 2000ದ ಸುಮಾರಿಗೆ ನಿಂತಿತು. ಮಾರುತಿ 800 ಮತ್ತು ಅಂಬಾಸಡರ್ ಎರಡೂ 2014ರಲ್ಲಿ ನಿಂತವು. ಆದುದರಿಂದ ನಮ್ಮವರ ಕೈಗೆ ಬರುವ ಗಾಡಿ ಕನಿಷ್ಠ ಹತ್ತು ಹನ್ನೆರಡು ಮಳೆಗಾಲ ಕಂಡದ್ದು, ಎಷ್ಟೋ ಸಲ ಮೂವತ್ತು ಕಂಡದ್ದು. ಕೊಳ್ಳುವಾಗ ಎಲ್ಲರೂ ಎಂಜಿನ್ನಿನ ಸದ್ದು ಕೇಳುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ, ಟೈರು ಒತ್ತಿ ನೋಡುತ್ತಾರೆ. ಮೈಯ ತಗಡನ್ನು ಮಾತ್ರ ಬಣ್ಣ ನೋಡಿಯೇ ಒಪ್ಪಿಬಿಡುತ್ತಾರೆ. ಎಂಜಿನ್ ಕೆಟ್ಟರೆ ಗಾಡಿ ರಸ್ತೆಯಲ್ಲಿ ನಿಂತು ತಾನೇ ತಿಳಿಸುತ್ತದೆ. ತಗಡು ತಿಂದುಹೋದರೆ ಗಾಡಿ ನಿಲ್ಲುವುದಿಲ್ಲ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೀದರಿಗೋ ರಾಯಚೂರಿಗೋ ಓಡುತ್ತಲೇ ಇರುತ್ತದೆ.

ಮೈ ರಿಪೇರಿಯನ್ನು ತಾವೇ ಮಾಡಿಕೊಳ್ಳಬಹುದೇ ಎಂದು ಕೇಳುವವರಿಗೆ ಉತ್ತರ ಹೇಳುವ ಮೊದಲು ಗಾಡಿಯ ಮೈ ಎಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕಾಗಿದೆ. ಇದು ತಿಳಿಯದೆ ಸುತ್ತಿಗೆ ಹಿಡಿದವರು ಗಾಡಿಗೂ ತಮಗೂ ಕೇಡು ತಂದುಕೊಂಡಾರು.

ರಜೆಯ ದಿನ ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿಯ ಹಳದಿ ರೋಲ್ಸ್ ರಾಯ್ಸ್ ಗಾಡಿಯನ್ನು ನೋಡಿರುತ್ತಾರೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ ತರಿಸಲು ಹೇಳಿದ ಗಾಡಿ ಅದು. ಅವರು 1911ರಲ್ಲಿ ತೀರಿಕೊಂಡರು. ಆ ಗಾಡಿಯ ಎಂಜಿನ್, ಚಕ್ರ, ಅಡಿಪಟ್ಟಿ ಇವನ್ನು ಮಾಡಿದವರು ರೋಲ್ಸ್ ರಾಯ್ಸ್‌ನವರು. ಮೇಲಿನ ಮೈಯನ್ನು ಕಟ್ಟಿದವರು ಬಾರ್ಕರ್ ಎಂಬ ಬೇರೆ ಕಂಪನಿಯವರು. ಆಗಿನ ಕ್ರಮವೇ ಹಾಗೆ. ಕೆಳಗೆ ದಪ್ಪ ಉಕ್ಕಿನ ಚಾಸಿ ಎಂಬ ಚೌಕಟ್ಟು, ಅದರ ಮೇಲೆ ಪಲ್ಲಕ್ಕಿ ಇಟ್ಟಂತೆ ಮೈ. ಮೈಗೆ ಏಟು ಬಿದ್ದರೆ, ತುಕ್ಕು ಹಿಡಿದರೆ, ಅಂದ ಕೆಡುತ್ತದೆ. ಗಾಡಿಯ ಬಲ ಚಾಸಿಯಲ್ಲಿರುವುದರಿಂದ ಅದಕ್ಕೆ ಧಕ್ಕೆ ಕಡಿಮೆ. ಲಾರಿ ಬಸ್ಸುಗಳು ಇಂದಿಗೂ ಬಹುಮಟ್ಟಿಗೆ ಇದೇ ರೀತಿಯವು. ನಮ್ಮ ನಗರದಲ್ಲಿ 1942ರಲ್ಲಿ ಆರಂಭವಾದ ಹೈದರಾಬಾದ್ ಆಲ್ವಿನ್ ಮೆಟಲ್ ವರ್ಕ್ಸ್‌ನವರು ಬಸ್ಸುಗಳ ಮೈ ಕಟ್ಟುತ್ತಿದ್ದದ್ದೂ ಬೇರೆ ಕಡೆಯಿಂದ ಬಂದ ಚಾಸಿಯ ಮೇಲೆಯೇ. ಆ ಕಾರಖಾನೆ ಈಗ ಇಲ್ಲ. ಮಿಯಾಪುರದ ಕಡೆ ಆಲ್ವಿನ್ ಚೌರಸ್ತೆ ಎಂಬ ಹೆಸರು ಮಾತ್ರ ಉಳಿದಿದೆ.

ನಮ್ಮವರು ಕೊಳ್ಳುವ ಕಾರುಗಳು ಹಾಗಲ್ಲ. ಪದ್ಮಿನಿಯ ಮೂಲವಾದ ಇಟಲಿಯ ಫಿಯೆಟ್ 1100 ಗಾಡಿಗೆ 1953ರಲ್ಲಿಯೇ ಪ್ರತ್ಯೇಕ ಚಾಸಿ ತೆಗೆದುಹಾಕಿದ್ದರು. ಅಂಬಾಸಡರಿನ ಮೂಲವಾದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸಹ ಹೀಗೆಯೇ. ಮಾರುತಿಯೂ ಹೀಗೆಯೇ. ಇವುಗಳಲ್ಲಿ ನೆಲದ ತಗಡು, ಬಾಗಿಲ ಕೆಳಗಿನ ಪೊಳ್ಳು ತೊಲೆ, ಕಂಬಗಳು, ಛಾವಣಿ ಎಲ್ಲವನ್ನೂ ಒಂದಕ್ಕೊಂದು ಬೆಸೆದು, ಆ ಪೆಟ್ಟಿಗೆಯೇ ಎಲ್ಲ ಭಾರವನ್ನು ಹೊರುವಂತೆ ಮಾಡಿರುತ್ತಾರೆ. ಒಂದು ಬೆಂಕಿಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡಿರಿ. ಒಳಗಿನ ತಟ್ಟೆ ಸೇರಿಕೊಂಡಿರುವಾಗ ಅದು ಗಟ್ಟಿ. ತಟ್ಟೆಯನ್ನು ಎಳೆದು ತೆಗೆದರೆ ಹೊರಗಿನ ಕವಚವನ್ನು ಎರಡು ಬೆರಳಿನಿಂದ ಚಪ್ಪಟೆ ಮಾಡಬಹುದು. ಕಾಗದ ಅದೇ, ದಪ್ಪ ಅದೇ, ಬಲ ಮಾತ್ರ ಹೋಯಿತು. ಕಾರಿನ ನೆಲ ಮತ್ತು ತೊಲೆಗಳು ತುಕ್ಕಿನಿಂದ ಹೋದಾಗ ಆಗುವುದೂ ಇದೇ. ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಇನ್ನು ತುಕ್ಕಿನ ವಿಷಯ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಒಂದನ್ನು ದೂರವಿಟ್ಟರೆ ಹುಟ್ಟುವುದಿಲ್ಲ. ಬಣ್ಣದ ಕೆಲಸ ಅಂದ ಕೊಡುವುದಕ್ಕಿಂತ ಮುಖ್ಯವಾಗಿ ನೀರು ಗಾಳಿಗಳನ್ನು ತಗಡಿನಿಂದ ದೂರ ಇಡುವುದು. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆದಕಾರಣ ಬಣ್ಣದ ಅಡಿಯಲ್ಲಿ ಅದು ಉಬ್ಬಿ ಗುಳ್ಳೆಯಾಗಿ ಏಳುತ್ತದೆ, ಗುಳ್ಳೆ ಒಡೆದು ಇನ್ನಷ್ಟು ನೀರು ಇಳಿಯುತ್ತದೆ. ತಾಮ್ರದ ಕೊಡದ ಮೇಲೆ ಕೂಡುವ ಕಿಲುಬು ಬಿಗಿಯಾಗಿ ಅಂಟಿ ಒಳಗಿನ ಲೋಹವನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗೆ ಕಾಯುವುದಿಲ್ಲ. ಸ್ಪಂಜಿನಂತೆ ನೀರು ಹಿಡಿದುಕೊಂಡು ಒಳಕ್ಕೆ ಒಳಕ್ಕೆ ಹೋಗುತ್ತದೆ. ಕಾರಿನ ಹೊರತಗಡಿನ ದಪ್ಪವೋ ಸಾಧಾರಣವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ, ಮುಕ್ಕಾಲು ಮಿಲಿಮೀಟರಿನ ಆಸುಪಾಸು. ತಿನ್ನುವುದಕ್ಕೆ ಅಲ್ಲಿ ಹೆಚ್ಚೇನೂ ಇಲ್ಲ.

ಹೈದರಾಬಾದು ಸಮುದ್ರದಿಂದ ದೂರ, ಉಪ್ಪು ಗಾಳಿಯ ಕಾಟವಿಲ್ಲ, ಆದ್ದರಿಂದ ಇಲ್ಲಿಯ ಗಾಡಿಗೆ ತುಕ್ಕು ಹಿಡಿಯುವುದಿಲ್ಲ ಎಂದು ದಲಾಲಿಗಳು ಹೇಳುವುದುಂಟು. ಮಂಗಳೂರಿನ ಗಾಡಿಗಿಂತ ಇಲ್ಲಿಯದು ವಾಸಿ ಎಂಬಷ್ಟು ಮಾತು ನಿಜ. ಆದರೆ 2020ರ ಅಕ್ಟೋಬರ್ 13, 14ರ ಮಳೆಯನ್ನು ಇಲ್ಲಿದ್ದವರು ಯಾರೂ ಮರೆತಿಲ್ಲ. ಅಂದು ಎಷ್ಟೋ ಬಡಾವಣೆಗಳಲ್ಲಿ ಕಾರುಗಳು ಸೀಟಿನ ಮಟ್ಟಕ್ಕೆ, ಕೆಲವು ಛಾವಣಿಯ ಮಟ್ಟಕ್ಕೆ ಮುಳುಗಿದವು. ಕೆಸರು ನೀರು ಪೊಳ್ಳು ತೊಲೆಗಳ ಒಳಗೆ ಹೊಕ್ಕರೆ ನೀರು ಇಳಿದರೂ ಕೆಸರು ಉಳಿಯುತ್ತದೆ. ಕೆಸರು ತೇವ ಹಿಡಿಯುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಮುಳುಗಿದ ಗಾಡಿಯನ್ನು ತೊಳೆದು ಬಣ್ಣ ಬಳಿದು ಮಾರುವವರು ಎಲ್ಲ ಊರಿನಲ್ಲಿಯೂ ಇದ್ದಾರೆ.

ನಮ್ಮ ಮಿತ್ರರೊಬ್ಬರು ಹೀಗೆಯೇ ಒಂದು ಮಾರುತಿ ಕೊಂಡರು. ಬೆಳ್ಳಿಯ ಬಣ್ಣ, ಒಳಗೆ ಹೊಸ ಕಾರ್ಪೆಟ್ಟು. ಮನೆಯವರೆಲ್ಲ ಮೆಚ್ಚಿದರು. ಒಂದು ಭಾನುವಾರ ನಾವಿಬ್ಬರೂ ಆ ಕಾರ್ಪೆಟ್ಟನ್ನು ಎತ್ತಿದೆವು. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತವರು ಕಾಲಿಡುವ ಕಡೆ ಹಳೆಯ ಗೋಣಿಯ ತುಂಡು ಹಾಸಿ, ಅದರ ಮೇಲೆ ಡಾಂಬರು ಬಳಿದಿದ್ದರು. ಸ್ಕ್ರೂ ಡ್ರೈವರಿನಿಂದ ಒತ್ತಿದಾಗ ಅದು ನೇರವಾಗಿ ಕೆಳಗೆ ಹೋಗಿ ನೆಲದ ಮಣ್ಣಿಗೆ ತಗುಲಿತು. ಆ ಸೀಟಿನಲ್ಲಿ ಅವರ ಏಳು ವರ್ಷದ ಮಗಳು ಕೂರುತ್ತಿದ್ದಳು. ಮಿತ್ರರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಮಾರಿದವನನ್ನು ಹುಡುಕಿಕೊಂಡು ಹೋದಾಗ ಅಂಗಡಿಗೆ ಬೀಗ ಹಾಕಿತ್ತು.

ಆದುದರಿಂದ ರಿಪೇರಿಗಿಂತ ಮೊದಲು ಪರೀಕ್ಷೆ. ಇದಕ್ಕೆ ಬೇಕಾದದ್ದು ಒಂದು ಆಯಸ್ಕಾಂತ, ಒಂದು ಸ್ಕ್ರೂ ಡ್ರೈವರು, ಒಂದು ಟಾರ್ಚು. ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಗಾಡಿಯ ಮೈಮೇಲೆ ನಿಧಾನವಾಗಿ ಆಡಿಸಿರಿ. ಉಕ್ಕಿದ್ದಲ್ಲಿ ಅಂಟುತ್ತದೆ; ದಪ್ಪ ಪುಟ್ಟಿ ತುಂಬಿದಲ್ಲಿ ಜಾರಿ ಬೀಳುತ್ತದೆ. ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳ ಅಂಚು, ಬಾಗಿಲ ಕೆಳಗಿನ ತೊಲೆ, ಇವು ಮೊದಲು ನೋಡತಕ್ಕ ಜಾಗಗಳು. ಬಂಪರು ಪ್ಲಾಸ್ಟಿಕ್ಕಿನದಾದರೆ ಅಲ್ಲಿ ಅಂಟಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಬಳಿಕ ಸ್ಕ್ರೂ ಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ತಟ್ಟಿರಿ. ಒಳ್ಳೆಯ ತಗಡು ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ್ದು ಧಪ್ ಎನ್ನುತ್ತದೆ. ಹೆಂಗಸರು ಮಡಕೆ ಕೊಳ್ಳುವಾಗ ಮಾಡುವ ಪರೀಕ್ಷೆಯೇ ಇದು. ಒಳಗಿನ ಕಾರ್ಪೆಟ್ಟನ್ನು ನಾಲ್ಕು ಮೂಲೆಯಲ್ಲಿಯೂ ಎತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರ ತೆಗೆದು ಅದರ ಗುಂಡಿ ನೋಡಿ, ಬಾನೆಟ್ಟಿನ ಕೆಳಗೆ ಬ್ಯಾಟರಿ ಇಡುವ ತಟ್ಟೆ ನೋಡಿರಿ. ಬ್ಯಾಟರಿಯ ಆಮ್ಲ ತುಳುಕಿ ಆ ತಟ್ಟೆ ಬಹಳ ಗಾಡಿಗಳಲ್ಲಿ ತಿಂದುಹೋಗಿರುತ್ತದೆ. ಜಾಕ್ ಹಚ್ಚುವ ಜಾಗದಲ್ಲಿ ತಗಡು ಕುಸಿದಿದ್ದರೆ ಬೇರೆ ಸಾಕ್ಷಿ ಬೇಡ. ಮಾರುವವನು ಕಾರ್ಪೆಟ್ಟು ಎತ್ತಬೇಡಿ ಎಂದರೆ ನಮಸ್ಕಾರ ಹೇಳಿ ಬಂದುಬಿಡುವುದು ಲೇಸು.

ಈಗ ಗೆರೆ ಎಳೆಯೋಣ. ಬಾಗಿಲಿನ ಹೊರತಗಡು, ಬಾನೆಟ್ಟು, ಡಿಕ್ಕಿಯ ಮುಚ್ಚಳ, ಸಾಮಾನ್ಯವಾಗಿ ಬೋಲ್ಟಿನಿಂದ ಕೂಡಿಸಿರುವ ಮುಂದಿನ ಮಡ್‌ಗಾರ್ಡು, ಇವುಗಳಲ್ಲಿಯ ಸಣ್ಣ ತಗ್ಗು, ಗೀರು, ಮೇಲ್ಮೈಯ ತುಕ್ಕು ಇವನ್ನು ತಾಳ್ಮೆಯುಳ್ಳ ಯಾರಾದರೂ ಮನೆಯಲ್ಲಿ ಮಾಡಿಕೊಳ್ಳಬಹುದು. ನೆಲ, ಬಾಗಿಲ ಕೆಳಗಿನ ತೊಲೆ, ಕಂಬ, ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು ಕೂಡುವ ಜಾಗ, ಸೀಟು ಹಾಗೂ ಸೀಟು ಪಟ್ಟಿಯ ಬೋಲ್ಟು ಹಿಡಿದಿರುವ ಜಾಗ, ಇಲ್ಲಿ ತೂತು ಕಂಡರೆ ಅದು ಬೆಸುಗೆಯ ಮಿಸ್ತ್ರಿಯ ಕೆಲಸ. ಪುಟ್ಟಿಯಿಂದ, ಗಾಜು ನಾರಿನ ಬಟ್ಟೆಯಿಂದ, ರಿವೆಟ್ಟು ಹೊಡೆದ ಡಬ್ಬದ ತಗಡಿನಿಂದ ಅಲ್ಲಿ ತೇಪೆ ಹಾಕಕೂಡದು. ಹಾಕಿದರೆ ತೂತು ಮುಚ್ಚುತ್ತದೆ, ಬಲ ಮರಳುವುದಿಲ್ಲ. ಪಕ್ಕದಿಂದ ಇನ್ನೊಂದು ಗಾಡಿ ಬಂದು ಬಡಿದಾಗ ಪುಟ್ಟಿ ಪುಡಿಯಾಗುವುದಕ್ಕೆ ಕ್ಷಣ ಸಾಕು.

ಕೆಲಸಕ್ಕೆ ಕೂರುವ ಮುನ್ನ ಸ್ಥಳದ ಯೋಚನೆ. ನಮ್ಮಲ್ಲಿ ಹೆಚ್ಚಿನವರು ಬಾಡಿಗೆ ಮನೆಯವರು. ಮಾಲೀಕರನ್ನು ಕೇಳದೆ ಅಂಗಳದಲ್ಲಿ ಸುತ್ತಿಗೆ ಆಡಿಸುವುದು ತರವಲ್ಲ. ಪಕ್ಕದ ಮನೆಯ ತಾಯಂದಿರು ಒಣಹಾಕಿದ ಬಟ್ಟೆಯ ಮೇಲೆ ಧೂಳು ಹಾರಿದರೆ ಮುಂದೆ ವರ್ಷವಿಡೀ ಮಾತು ಕೇಳಬೇಕಾದೀತು. ಉಜ್ಜುವ ಕೆಲಸವನ್ನು ಆದಷ್ಟೂ ನೀರು ಹಾಕಿಕೊಂಡು ಮಾಡುವುದು ಒಳ್ಳೆಯದು, ಪುಟ್ಟಿಯೊಂದನ್ನು ಬಿಟ್ಟು. ಅದರ ಕಾರಣ ಮುಂದೆ ಹೇಳುತ್ತೇನೆ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಈಗಿನ ಪುಟ್ಟಿ ಬಳಕೆಗೆ ಬರುವ ಮೊದಲು ತಗ್ಗುಗಳನ್ನು ಸೀಸ ತವರ ಕರಗಿಸಿ ತುಂಬುವ ಪದ್ಧತಿಯೂ ಇತ್ತು. ಒಣದಾಗಿ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಧೂಳಿನ ಒಳ್ಳೆಯ ಮಾಸ್ಕು ಬೇಕು. ಕಣ್ಣಿಗೆ ಕನ್ನಡಕ ಬೇಕು. ಸಲಕರಣೆಗಳೆಲ್ಲ ರಾಣಿಗಂಜಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಬೆಂಗಳೂರಿಗೆ ಹೋಗಿ ಬರುವವರಿದ್ದರೆ ಹಳೆಯ ಗಾಡಿಯ ಬಾಗಿಲು, ಮಡ್‌ಗಾರ್ಡುಗಳನ್ನು ಶಿವಾಜಿನಗರದ ಗುಜರಿಯಲ್ಲಿ, ಹೊಸ ಬಿಡಿಭಾಗಗಳನ್ನು ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಎಷ್ಟೋ ಸಲ ಕೊಳೆತ ಮಡ್‌ಗಾರ್ಡನ್ನು ತಿದ್ದುವ ಖರ್ಚಿಗಿಂತ ಗುಜರಿಯ ಗಟ್ಟಿ ಮಡ್‌ಗಾರ್ಡು ಅಗ್ಗ.

ತಗ್ಗು ಎತ್ತುವ ಕೆಲಸ ನಮ್ಮ ಊರುಗಳ ಬೋಗಾರರು ಕೊಡದ ತಗ್ಗು ಎತ್ತಿದಂತೆಯೇ. ಒಳಗಿನಿಂದ ತಟ್ಟಬೇಕು, ಹೊರಗೆ ಆಸರೆ ಹಿಡಿಯಬೇಕು. ಆಸರೆಗೆ ಹಿಡಿಯುವ ನುಣುಪು ಕಬ್ಬಿಣದ ಗಟ್ಟಿಗೆ ಮಿಸ್ತ್ರಿಗಳು ಡಾಲಿ ಎನ್ನುತ್ತಾರೆ. ಬಾಗಿಲಾದರೆ ಒಳಗಿನ ರಟ್ಟಿನ ಹಲಗೆ ಬಿಚ್ಚಿದಾಗ ಕೈ ಹೋಗುವಷ್ಟು ಸಂದು ಸಿಗುತ್ತದೆ. ಹೊಸಬರು ಮಾಡುವುದು ತಗ್ಗಿನ ನಟ್ಟನಡುವೆ ಜೋರಾಗಿ ಹೊಡೆಯುವುದು. ಹಾಗೆ ಹೊಡೆದರೆ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡಿಗೆ ಮೊದಲಿನ ಜಾಗ ಸಾಲದು; ಡಬ್ಬದ ಮುಚ್ಚಳದಂತೆ ಟಕ್ ಎಂದು ಒಳಗೆ, ಟಕ್ ಎಂದು ಹೊರಗೆ ಆಡುತ್ತಿರುತ್ತದೆ. ಅದನ್ನು ಮತ್ತೆ ಕುಗ್ಗಿಸಲು ಕಾಯಿಸಿ ತಣಿಸುವ ವಿದ್ಯೆ ಬೇಕು, ಅದು ನುರಿತವರಿಗೆ ಮಾತ್ರ. ಸರಿಯಾದ ಕ್ರಮವೆಂದರೆ ಏಟು ಬಿದ್ದ ದಾರಿಯನ್ನು ಹಿಮ್ಮುಖವಾಗಿ ಹಿಡಿಯುವುದು. ತಗ್ಗಾಗುವಾಗ ಕೊನೆಗೆ ಮಡಿಚಿದ್ದು ಅದರ ಸುತ್ತಣ ಏಣು. ಆದ್ದರಿಂದ ಮೊದಲು ಏಣನ್ನು ಹೊರಗಿನಿಂದ ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟುತ್ತ, ಅದೇ ವೇಳೆಗೆ ನಡುವನ್ನು ಒಳಗಿನಿಂದ ಡಾಲಿಯಲ್ಲಿ ಒತ್ತುತ್ತ, ಸುತ್ತಿನಿಂದ ನಡುವಿಗೆ ಬರಬೇಕು. ನೂರು ಸಣ್ಣ ಏಟು ಮೇಲು, ಐದು ದೊಡ್ಡ ಏಟು ಬೇಡ. ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ: ತೆಳು ಬಟ್ಟೆಯ ಮೇಲಿಂದ ಕೈಯಾಡಿಸಿದರೆ ಕಾಣದ ಉಬ್ಬು ತಗ್ಗುಗಳೂ ತಿಳಿಯುತ್ತವೆ. ಪೂರಾ ಸಮವಾಗಬೇಕೆಂಬ ಹಟ ಬೇಡ. ಒಂದೆರಡು ಮಿಲಿಮೀಟರು ತಗ್ಗು ಉಳಿದರೆ ಪುಟ್ಟಿ ತುಂಬುತ್ತದೆ. ಉಬ್ಬು ಮಾತ್ರ ಉಳಿಯಕೂಡದು.

ತುಕ್ಕಿನ ಕಲೆಗೆ ಬಂದರೆ, ಇಲ್ಲಿ ಕರುಣೆ ತೋರಿಸಕೂಡದು. ಬಣ್ಣದ ಮೇಲೆ ನಾಲ್ಕಾಣೆಯಷ್ಟು ಗುಳ್ಳೆ ಕಂಡರೆ ಅಡಿಯಲ್ಲಿ ಅಂಗೈಯಷ್ಟು ತುಕ್ಕಿದ್ದೀತು. ಹೊಳೆಯುವ ಉಕ್ಕು ಎಲ್ಲ ಕಡೆಯೂ ಕಾಣುವವರೆಗೆ, ಅದರಾಚೆ ಎರಡು ಬೆರಳಿನಷ್ಟು ಒಳ್ಳೆಯ ಬಣ್ಣವನ್ನೂ ಸೇರಿಸಿ, ತಂತಿ ಬ್ರಷ್ಷು ಮತ್ತು ಒರಟು ಉಪ್ಪುಕಾಗದದಿಂದ ತೆಗೆಯಬೇಕು. ತಗಡಿನ ಕುಳಿಗಳಲ್ಲಿ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಅವಕ್ಕೆ ಫಾಸ್ಫಾರಿಕ್ ಆಮ್ಲವುಳ್ಳ ತುಕ್ಕುನಾಶಕ ದ್ರವವನ್ನು ಹಚ್ಚುವುದುಂಟು. ಅದು ಉಳಿದ ತುಕ್ಕನ್ನು ಕಬ್ಬಿಣದ ಫಾಸ್ಫೇಟನ್ನಾಗಿ ಮಾರ್ಪಡಿಸುತ್ತದೆ. ಕೈಗವಸು ಹಾಕಿಕೊಂಡು, ಡಬ್ಬಿಯ ಮೇಲೆ ಬರೆದ ವೇಳೆಯಷ್ಟೇ ಬಿಟ್ಟು, ಬರೆದಂತೆ ತೊಳೆದು ಒರೆಸಿ ಒಣಗಿಸಬೇಕು. ಒಣಗಿದ ಕೂಡಲೇ, ಅದೇ ದಿನವೇ, ಪ್ರೈಮರು ಬೀಳಬೇಕು. ಬರಿಯ ಉಕ್ಕನ್ನು ಒಂದು ರಾತ್ರಿ ಬಿಟ್ಟರೆ ಮಂಜಿಗೇ ಕೆಂಪು ಹತ್ತುತ್ತದೆ. ಉಜ್ಜುತ್ತ ಹೋದಾಗ ತಗಡು ಜಾಳಿಗೆಯಾಗಿ ಬೆಳಕು ಕಂಡರೆ ಕೆಲಸ ನಿಲ್ಲಿಸಿರಿ. ಅದು ಗೆರೆಯ ಆಚೆಯ ಕೆಲಸ, ಬೆಸುಗೆಗೆ ಹೋಗಬೇಕಾದದ್ದು.

ಪುಟ್ಟಿಯ ಮೇಲೆ ನಮ್ಮವರಿಗೆ ಅತಿ ವಿಶ್ವಾಸ. ಇಲ್ಲಿ ಗೋಡೆಗೆ ಬಳಿಯುವ ಲಪ್ಪಂ ಇದಲ್ಲ, ಅದನ್ನು ಗಾಡಿಗೆ ಹಚ್ಚಕೂಡದು. ಗಾಡಿಯ ಪುಟ್ಟಿಯಲ್ಲಿ ಎರಡು ಬಗೆ. ಒಂದು, ಗಟ್ಟಿಕಾರಕ ಬೆರೆಸಿ ಹಚ್ಚುವ ಪಾಲಿಯೆಸ್ಟರ್ ಪುಟ್ಟಿ. ಇದು ತಗ್ಗು ತುಂಬಲು. ಇನ್ನೊಂದು, ಎನ್.ಸಿ. ಪುಟ್ಟಿ, ಇದು ಗಾಳಿಗೆ ಒಣಗುವುದು, ಕೂದಲೆಳೆಯ ಗೀರು, ಸೂಜಿಮೊನೆಯ ರಂಧ್ರಗಳಿಗೆ ಮಾತ್ರ. ಎನ್.ಸಿ. ಪುಟ್ಟಿಯನ್ನು ದಪ್ಪ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಿದ್ದು ತಿಂಗಳ ಮೇಲೆ ಕುಗ್ಗಿ ಗುರುತು ಬೀಳುತ್ತದೆ. ಪಾಲಿಯೆಸ್ಟರ್ ಪುಟ್ಟಿಗೆ ಗಟ್ಟಿಕಾರಕ ತೂಕದಲ್ಲಿ ನೂರಕ್ಕೆ ಸುಮಾರು ಎರಡು, ಎಂದರೆ ನೂರು ಗ್ರಾಂ ಪುಟ್ಟಿಗೆ ಎರಡು ಗ್ರಾಂ. ಬೇಗ ಒಣಗಲೆಂದು ಹೆಚ್ಚು ಬೆರೆಸುವ ಚಾಳಿ ಇದೆ. ಬೆರೆಸಿದರೆ ಮುಂದೆ ಬಣ್ಣದ ಮೇಲೆ ಕಲೆ ಏಳುತ್ತದೆ. ಬೆರೆಸಿದ ಮೇಲೆ ನಾಲ್ಕೈದು ನಿಮಿಷದೊಳಗೆ ಹಚ್ಚಿ ಮುಗಿಸಬೇಕು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅಷ್ಟೂ ಸಿಗದು, ಹಲಗೆಯ ಮೇಲೆಯೇ ಕಲ್ಲಾಗುತ್ತದೆ. ಆದುದರಿಂದ ಒಂದು ಸಲಕ್ಕೆ ಒಂದು ನಿಂಬೆಹಣ್ಣಿನಷ್ಟು ಮಾತ್ರ ಕಲಸಿರಿ.

ತುಂಬುವ ದಪ್ಪ ಮೂರು ಮಿಲಿಮೀಟರು ಮೀರದಿರಲಿ. ಈ ಪುಟ್ಟಿಯೊಳಗೆ ಟಾಲ್ಕ್ ಕಲ್ಲಿನ ಪುಡಿ ಇರುತ್ತದೆ, ಅದು ತೇವ ಹೀರುತ್ತದೆ. ಬಣ್ಣ ಬೀಳುವ ಮೊದಲು ಮಳೆಗೆ ನೆನೆದರೆ ಪುಟ್ಟಿ ನೀರು ಕುಡಿದು ಅದನ್ನು ತಗಡಿಗೆ ತಲುಪಿಸುತ್ತದೆ, ಮೂರು ತಿಂಗಳಲ್ಲಿ ಗುಳ್ಳೆ ಏಳುತ್ತದೆ. ಬರಿಯ ಪುಟ್ಟಿಯನ್ನು ನೀರು ಹಾಕಿ ಉಜ್ಜಕೂಡದೆನ್ನುವುದೂ ಇದಕ್ಕಾಗಿಯೇ. ಅದನ್ನು ಒಣದಾಗಿ, ಮಾಸ್ಕು ಕಟ್ಟಿಕೊಂಡು ಉಜ್ಜಬೇಕು. ಇನ್ನು ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತುವುದು ಹುಣ್ಣಿನ ಮೇಲೆ ಕುಂಕುಮ ಹಚ್ಚಿದಂತೆ. ಪುಟ್ಟಿ ಹಿಡಿದಿರುವುದು ತುಕ್ಕನ್ನು, ತುಕ್ಕು ಹಿಡಿದಿರುವುದು ಏನನ್ನೂ ಅಲ್ಲ.

ಉಜ್ಜುವಾಗ ಕಾಗದವನ್ನು ಬರಿಗೈಯಲ್ಲಿ ಹಿಡಿಯದೆ ಸಮತಲವಾದ ಮರದ ತುಂಡಿಗೆ ಸುತ್ತಿಕೊಂಡು, ಅಡ್ಡಡ್ಡಲಾಗಿ ಒಮ್ಮೆ ಈ ಕಡೆಗೆ ಒಮ್ಮೆ ಆ ಕಡೆಗೆ ಉಜ್ಜಬೇಕು. ಮೊದಲು 80ನೆಯ ನಂಬರಿನ ಕಾಗದ, ಬಳಿಕ 120, 220. ಪ್ರೈಮರು ಬಿದ್ದ ಮೇಲೆ 400, 800 ವಾಟರ್ ಪೇಪರು, ನೀರು ಹಾಕಿ. ನಡುವೆ ಒಂದು ನಂಬರನ್ನು ಹಾರಿಸಿದರೆ ಒರಟು ಕಾಗದದ ಗೀರು ಬಣ್ಣದ ಮೇಲೆ ಹಾಗೆಯೇ ಎದ್ದು ಕಾಣುತ್ತದೆ. ಪ್ರೈಮರಿನ ಮೇಲೆ ಬೇರೆ ಬಣ್ಣವನ್ನು ತೆಳ್ಳಗೆ ಹಾರಿಸಿ ಉಜ್ಜಿದರೆ ತಗ್ಗಿದ್ದಲ್ಲಿ ಬಣ್ಣ ಉಳಿದು ತಾನೇ ಗುರುತು ಹೇಳುವುದು. ಮಿಸ್ತ್ರಿಗಳ ಈ ಉಪಾಯ ಬಹಳ ಚೆನ್ನ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬಿಗಿ. ಅಂಗೈಯಷ್ಟು ಜಾಗಕ್ಕೆ ಒತ್ತಿ ಹಾರಿಸುವ ಡಬ್ಬಿಯ ಬಣ್ಣ ಸಾಕು. ಗಾಡಿಯ ಬಣ್ಣದ ಸಂಕೇತ ಸಂಖ್ಯೆ ಬಹುತೇಕ ಗಾಡಿಗಳಲ್ಲಿ ಬಾನೆಟ್ಟಿನ ಕೆಳಗಿನ ಫಲಕದಲ್ಲಿ ಅಥವಾ ಬಾಗಿಲ ಚೌಕಟ್ಟಿನಲ್ಲಿರುತ್ತದೆ, ಅಂಗಡಿಯವರು ಅದನ್ನು ನೋಡಿ ಬೆರೆಸಿಕೊಡುತ್ತಾರೆ. ಹಳೆಯ ಬಣ್ಣ ಬಿಸಿಲಿಗೆ ಮಾಸಿರುವುದರಿಂದ ಸಂಕೇತ ಸರಿಯಿದ್ದರೂ ತೇಪೆ ತುಸು ಕಾಣುತ್ತದೆ; ಅದಕ್ಕೆ ಬೇಸರ ಬೇಡ. ಆದರೆ ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಪಿ.ಯು. ಬಣ್ಣವನ್ನು ಮನೆಯಲ್ಲಿ ಹಾರಿಸಲೇಕೂಡದು. ಅದರ ಗಟ್ಟಿಕಾರಕದಲ್ಲಿ ಐಸೊಸೈನೇಟ್ ಎಂಬ ದ್ರವ್ಯವಿದೆ. ಅದರ ತುಂತುರು ಎದೆಗೆ ಹೋದರೆ ದಮ್ಮು ರೋಗ ಬರುತ್ತದೆ, ಒಮ್ಮೆ ಬಂದವರಿಗೆ ಮುಂದೆ ಅದರ ಸ್ವಲ್ಪ ಸೋಂಕೂ ಆಗದು. ಸಾಮಾನ್ಯ ಮಾಸ್ಕು ಅದನ್ನು ತಡೆಯುವುದಿಲ್ಲ. ಪೂರ್ತಿ ಗಾಡಿಗೆ ಬಣ್ಣ ಬೇಕಾದರೆ ಗಾಳಿ ಎಳೆಯುವ ಕೋಣೆ ಇರುವ ಕಡೆಗೇ ಕೊಡಬೇಕು. ಕೆಳಗಿನ ತಯಾರಿಯನ್ನು ನಾವು ಮಾಡಿಕೊಟ್ಟರೆ ಕೂಲಿಯಲ್ಲಿ ಉಳಿತಾಯವಾಗುತ್ತದೆ, ಯಾಕೆಂದರೆ ಬಣ್ಣದ ಕೆಲಸದ ಹೆಚ್ಚಿನ ಕೂಲಿ ಉಜ್ಜುವುದರಲ್ಲಿಯೇ ಹೋಗುವುದು.

ಕಾಲವೂ ನೋಡತಕ್ಕದ್ದು. ಜೂನಿನಿಂದ ಸೆಪ್ಟೆಂಬರುವರೆಗೆ ಗಾಳಿಯಲ್ಲಿ ತೇವ. ಥಿನ್ನರು ಆರುವಾಗ ತಗಡು ತಣ್ಣಗಾಗಿ ನೀರಾವಿ ಕೂತು ಬಣ್ಣದ ಮೇಲೆ ಬಿಳಿಯ ಮಬ್ಬು ಕವಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಬಣ್ಣ ಹರಡುವುದಕ್ಕೆ ಮೊದಲೇ ಒಣಗಿ ಕಿತ್ತಳೆಯ ಸಿಪ್ಪೆಯಂತಾಗುತ್ತದೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ದಿನಗಳು, ಬೆಳಗಿನ ಹತ್ತು ಗಂಟೆಯ ಮೇಲೆ, ಈ ಊರಿನಲ್ಲಿ ಮೈ ಕೆಲಸಕ್ಕೆ ಅತ್ಯುತ್ತಮ.

ಬೆಸುಗೆಗೆ ಮಿಸ್ತ್ರಿಯ ಬಳಿ ಹೋಗುವವರು ಇಷ್ಟನ್ನು ಕೇಳಿರಿ. ಕೊಳೆತ ತಗಡನ್ನು ಪೂರಾ ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುತ್ತೀರೋ, ಹಳೆಯದರ ಮೇಲೆಯೇ ಹೊಚ್ಚುತ್ತೀರೋ? ಹೊಚ್ಚಿದರೆ ನಡುವೆ ಸಿಕ್ಕ ತುಕ್ಕು ಎರಡನ್ನೂ ತಿನ್ನುತ್ತದೆ. ತೆಳು ತಗಡಿಗೆ ಕಾರ್ಬನ್ ಡೈ ಆಕ್ಸೈಡ್ ಅನಿಲದ ತಂತಿ ಬೆಸುಗೆ ಉತ್ತಮ. ಕಡ್ಡಿಯ ಆರ್ಕ್ ಬೆಸುಗೆ ಸುಲಭವಾಗಿ ತೂತು ಸುಡುತ್ತದೆ, ಗ್ಯಾಸಿನ ಬೆಸುಗೆ ಹೆಚ್ಚು ಜಾಗ ಕಾಯಿಸಿ ತಗಡನ್ನು ಸೊಟ್ಟಗೆ ಮಾಡುತ್ತದೆ. ಬಾಗಿಲ ಕೆಳಗಿನ ತೊಲೆಯನ್ನು ಕತ್ತರಿಸುವಾಗ ಗಾಡಿಗೆ ಕೆಳಗಿನಿಂದ ಸರಿಯಾದ ಆಸರೆ ಕೊಟ್ಟು, ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂದು ಕತ್ತರಿಸುವ ಮೊದಲೂ ಬೆಸೆಯುವ ಮೊದಲೂ ನೋಡಬೇಕು. ಇಲ್ಲವಾದರೆ ಗಾಡಿ ನಡುವೆ ಬಾಗಿದ ಸ್ಥಿತಿಯಲ್ಲಿಯೇ ಕೂಡಿಕೊಂಡು ಬಾಗಿಲು ಎಂದೆಂದಿಗೂ ಸರಿಯಾಗದು. ಬ್ಯಾಟರಿಯ ತಂತಿ ಬಿಚ್ಚಿಸಿ, ಸೀಟು ಕಾರ್ಪೆಟ್ಟು ಹೊರಗೆ ತೆಗೆಸಿ, ಪೆಟ್ರೋಲ್ ಟ್ಯಾಂಕು ಮತ್ತು ಅದರ ಕೊಳವೆ ಎಲ್ಲಿವೆ ಎಂದು ತೋರಿಸಿ, ಒಂದು ಬಕೀಟು ಮರಳನ್ನೂ ಬೆಂಕಿ ಆರಿಸುವ ಡಬ್ಬಿಯನ್ನೂ ಇಡಿಸಿಯೇ ಕೆಲಸ ಮೊದಲಾಗಲಿ. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯಕರ, ಒಳಗಿನ ಆವಿ ಸಿಡಿಯುತ್ತದೆ. ಬೆಸೆದ ಮೇಲೆ ಪುಟ್ಟಿ ಹಚ್ಚುವ ಮೊದಲು ನಾವು ಬಂದು ನೋಡುತ್ತೇವೆ ಎಂದು ಮುಂಚೆಯೇ ಹೇಳಿಡಿ. ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಸರಿಸುವುದಿಲ್ಲ, ತನ್ನ ಕೆಲಸ ತೋರಿಸಲು ಸಂತೋಷಪಡುತ್ತಾನೆ. ಮೇಲೆ ಹೇಳಿದ ಮಿತ್ರರ ಮಾರುತಿಗೆ ಹೀಗೆಯೇ ಹಿಂಭಾಗದ ನೆಲದ ಅರ್ಧವನ್ನೂ ಒಂದು ಪಕ್ಕದ ತೊಲೆಯನ್ನೂ ಹೊಸದು ಹಾಕಿಸಿದೆವು. ಉಜ್ಜುವುದು, ಪ್ರೈಮರು, ಒಳಗಿನ ಮೇಣ ಇವೆಲ್ಲ ಅವರೂ ನಾನೂ ಸೇರಿ ಐದು ಭಾನುವಾರದಲ್ಲಿ ಮಾಡಿದ್ದು.

ಮೇಣವೆಂದರೆ, ಬೆಸುಗೆಯ ಒಳಪಕ್ಕಕ್ಕೆ ಬಣ್ಣ ತಲುಪುವುದಿಲ್ಲವಾದ್ದರಿಂದ ಪೊಳ್ಳು ತೊಲೆಗಳೊಳಗೆ ಕೊಳವೆಯಿಂದ ಹಾರಿಸುವ ತುಕ್ಕುನಿರೋಧಕ ಮೇಣ. ಹಳ್ಳಿಗಳಲ್ಲಿ ಇದರ ಬದಲು ಕರಿದಾದ ಹಳೆಯ ಎಂಜಿನ್ ಎಣ್ಣೆ ಬಳಿಯುವ ರೂಢಿಯಿದೆ. ಅದು ರಬ್ಬರು ಬುಷ್ಷುಗಳನ್ನು ಕೆಡಿಸುತ್ತದೆ, ಬ್ರೇಕಿನ ಮೇಲೆ ತೊಟ್ಟಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ತುಕ್ಕು ಉಳಿದಿರುವ ಅಡಿಭಾಗಕ್ಕೆ ಡಾಂಬರು ಕೋಟಿಂಗ್ ಮಾಡಿಸುವುದೂ ಅಷ್ಟೇ ಕೇಡು. ಅದರ ಅಡಿಯಲ್ಲಿ ತೇವ ಸಿಕ್ಕಿಹಾಕಿಕೊಳ್ಳುತ್ತದೆ.

ಕಾಗದಪತ್ರದ ಮಾತೊಂದು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಮುಂದೆ ಐದೈದು ವರ್ಷಕ್ಕೆ ನವೀಕರಿಸುವಾಗ ಗಾಡಿಯನ್ನು ಒಯ್ದು ತಪಾಸಣೆ ಮಾಡಿಸಬೇಕು. ಈ ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ ಅದನ್ನು 10,000 ರೂಪಾಯಿ ಮಾಡಿದರು. ಹೀಗಿರುವಾಗ ಮೈ ಕೆಲಸಕ್ಕೆ ಹಣ ಹಾಕುವ ಮುನ್ನ ಗಾಡಿಯ ನೋಂದಣಿ ಎಷ್ಟು ವರ್ಷ ಉಳಿದಿದೆ ಎಂದು ಪುಸ್ತಕ ತೆಗೆದು ನೋಡಿರಿ. ಗಾಡಿಯ ಬಣ್ಣವೂ ಅದರಲ್ಲಿ ನಮೂದಾಗಿರುತ್ತದೆ. ಬಿಳಿ ಗಾಡಿಗೆ ಆಸೆಪಟ್ಟು ಕೆಂಪು ಬಳಿಸಿದರೆ ಸಾರಿಗೆ ಕಚೇರಿಯಲ್ಲಿ ಬದಲಾವಣೆ ಬರೆಸಬೇಕು.

ಕೊನೆಯದಾಗಿ, ಕಾಸು ಖರ್ಚಿಲ್ಲದ ಒಂದು ಕೆಲಸ. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ, ಬಾಗಿಲ ಕೆಳಗಿನ ತೊಲೆಯ ಅಡಿಯಲ್ಲಿ, ಮುಂದಿನ ಗಾಜಿನ ಬುಡದ ತೊಟ್ಟಿಯಲ್ಲಿ ನೀರು ಹೋಗಲೆಂದು ಸಣ್ಣ ಸಣ್ಣ ರಂಧ್ರಗಳನ್ನು ಕಾರಖಾನೆಯವರೇ ಬಿಟ್ಟಿರುತ್ತಾರೆ. ಬೇವಿನ ಎಲೆ, ಧೂಳು ಸೇರಿ ಅವು ಮುಚ್ಚಿಕೊಂಡರೆ ಬಾಗಿಲು ಕೊಡದಂತೆ ನೀರು ಹಿಡಿಯುತ್ತದೆ. ತಂತಿಯಿಂದ ಚುಚ್ಚಿದರೆ ಬಣ್ಣ ಕೀಳುತ್ತದೆ. ತೆಂಗಿನ ಪೊರಕೆಯ ಒಂದು ಕಡ್ಡಿ ಸಾಕು. ಮೃಗಶಿರಾ ಮಳೆ ಹಿಡಿಯುವ ಮೊದಲು ಒಮ್ಮೆ, ಮಳೆಗಾಲದ ನಡುವೆ ತಿಂಗಳಿಗೊಮ್ಮೆ ಚುಚ್ಚಿ, ಒಂದು ಚೊಂಬು ನೀರನ್ನು ಗಾಜಿನ ಬುಡದಲ್ಲಿ ಸುರಿದು, ಅದು ಗಾಡಿಯ ಕೆಳಗೆ ನೆಲಕ್ಕೆ ಬೀಳುತ್ತದೆಯೋ ಇಲ್ಲವೋ ಬಗ್ಗಿ ನೋಡಿರಿ.